ವರ್ಷವಿಡೀ ಹಸಿರು, ಯಾರ ನೀರಿನಲ್ಲಿ?

1983ರ ಆಗಸ್ಟ್ ತಿಂಗಳು. ತುಮಕೂರು ಜಿಲ್ಲೆಯ ರೈತರು ಗುಂಪುಗೂಡಿ ಸಸ್ಯಕ್ಷೇತ್ರಕ್ಕೆ ನುಗ್ಗಿದರು. ಸಾಮಾಜಿಕ ಅರಣ್ಯ ಯೋಜನೆಗೆಂದು ಬೆಳೆಸಿದ್ದ ನೀಲಗಿರಿ ಸಸಿಗಳನ್ನು ಕಿತ್ತು ಬಿಸಾಡಿದರು. ಅಷ್ಟಕ್ಕೇ ಸುಮ್ಮನಾಗದೆ ಆ ಜಾಗದಲ್ಲಿ ಹುಣಸೆ ಬೀಜ, ಮಾವಿನ ವಾಟೆ ಊರಿದರು. ರೈತ ಚಳವಳಿಯ ಕಥೆ ಬರೆದವರು ಈ ಪ್ರಸಂಗವನ್ನು ಪ್ರತಿಭಟನೆಯ ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಅದರಲ್ಲಿ ಬೇರೊಂದು ಸ್ವಾರಸ್ಯ ಕಾಣುತ್ತದೆ. ಕಿತ್ತದ್ದೂ ನಿತ್ಯಹಸಿರು ಮರ, ಊರಿದ್ದೂ ನಿತ್ಯಹಸಿರು ಮರವೇ. ನೀಲಗಿರಿ ಏಪ್ರಿಲ್ ಬಿಸಿಲಿನಲ್ಲೂ ಬೋಳಾಗುವುದಿಲ್ಲ. ಹುಣಸೆ, ಮಾವೂ ಆಗುವುದಿಲ್ಲ. ಹಸಿರಿನ ವಿಷಯದಲ್ಲಿ ರೈತರಿಗೆ ತಕರಾರೇನೂ ಇರಲಿಲ್ಲ. ಹಸಿರಾಗಿರಲು ಮರ ಎಲ್ಲಿಂದ ನೀರು ಕುಡಿಯುತ್ತದೆ, ಕುಡಿದದ್ದಕ್ಕೆ ಊರಿಗೇನು ಕೊಡುತ್ತದೆ ಅನ್ನುವುದರಲ್ಲಿತ್ತು ಜಗಳ.

ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ ಅನ್ನುವ ಸೀಮೆ ಇದು. ಮಳೆಯೂ ಮುಂಗಾರು ಹಿಂಗಾರಿನ ನಾಲ್ಕಾರು ತಿಂಗಳಲ್ಲಿ ಸುರಿದು ಹೋಗುತ್ತದೆ. ಉಳಿದ ತಿಂಗಳು ಎಲೆ ಉಳಿಸಿಕೊಳ್ಳುವುದೆಂದರೆ ಮರಕ್ಕೆ ಖರ್ಚಿನ ಬಾಬತ್ತು. ಮಲೆನಾಡಿನಲ್ಲಿ ನಿತ್ಯಹಸಿರು ಸಹಜ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಅದಕ್ಕೊಂದು ಕಾರಣ ಇರಲೇಬೇಕು.

ಈಗ ನಗರದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು ನರ್ಸರಿಗೆ ಹೋಗಿ ಕೇಳುವುದು ಒಂದೇ: ‘ಎಲೆ ಉದುರದ ಗಿಡ ಇದ್ದರೆ ಕೊಡಿ.’ ಬಾಗಿಲ ಮುಂದೆ ಕಸ ಗುಡಿಸುವ ಕೆಲಸ ತಪ್ಪಬೇಕು, ಬೇಗ ಬೆಳೆಯಬೇಕು, ಗೋಡೆಯ ಹಾಗೆ ಕತ್ತರಿಸಿ ನಿಲ್ಲಿಸಲು ಬರಬೇಕು. ಈ ಆಸೆಯ ಬೆನ್ನೇರಿ ದೇಶದ ನಗರಗಳಿಗೆಲ್ಲ ಬಂದದ್ದು ಕೊನೊಕಾರ್ಪಸ್. ಅದರ ಬೇರು ನೀರಿನ ಪೈಪು, ಕೇಬಲ್ಲುಗಳಿಗೆ ನುಗ್ಗುತ್ತದೆ, ಪರಾಗದಿಂದ ಅಲರ್ಜಿ ಆಗುತ್ತದೆ ಎಂಬ ದೂರಿನ ಮೇಲೆ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಎಲೆ ಉದುರದ ಗಿಡ ಬೇಕೆನ್ನುವವರಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಅಂಥ ಗಿಡ ಭೂಮಿಯ ಮೇಲೆ ಇಲ್ಲ.

ನಿತ್ಯಹಸಿರು ಮರವೂ ಎಲೆ ಉದುರಿಸುತ್ತದೆ. ಎಲ್ಲವನ್ನೂ ಒಂದೇ ಸಲ ಉದುರಿಸುವುದಿಲ್ಲ, ಅಷ್ಟೇ. ಮಾವಿನ ಎಲೆ ವರ್ಷಕ್ಕೂ ಹೆಚ್ಚು ಕಾಲ ಕೊಂಬೆಯಲ್ಲಿರುತ್ತದೆ. ಹಳೆಯದು ಒಂದೊಂದೇ ಹಣ್ಣಾಗಿ ಬೀಳುವಾಗ ತುದಿಯಲ್ಲಿ ತಾಮ್ರಬಣ್ಣದ ಚಿಗುರು ಬಂದಿರುತ್ತದೆ. ಚಿಗುರಿನ ಆ ಕೆಂಪು ಬರೀ ಅಂದಕ್ಕಲ್ಲ. ಎಳೆ ಎಲೆಗೆ ಹರಿತ್ತು ಇನ್ನೂ ತುಂಬಿರುವುದಿಲ್ಲ. ಸುಡುವ ಬಿಸಿಲಿನಿಂದ ಅದನ್ನು ಕಾಯುವುದು ಆ ಕೆಂಪು ವರ್ಣದ್ರವ್ಯ. ಗುಬ್ಬಿಯ ಯಾವುದೇ ತೆಂಗಿನ ತೋಟದಲ್ಲಿ ಮರದ ಬುಡಕ್ಕೆ ಹೋಗಿ ನಿಂತು ನೋಡಿ. ಕಾಂಡದ ಸುತ್ತ ಬುಡದಿಂದ ತಲೆಯವರೆಗೆ ಉಂಗುರದಂಥ ಗಾಯದ ಗುರುತುಗಳಿರುತ್ತವೆ. ಒಂದೊಂದು ಗುರುತೂ ಉದುರಿದ ಒಂದು ಗರಿ. ಚೆನ್ನಾಗಿ ನೀರುಗೊಬ್ಬರ ಕಂಡ ತೆಂಗು ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿ ಬಿಚ್ಚುತ್ತದೆ, ಅಷ್ಟೇ ನಿಧಾನಕ್ಕೆ ಕೆಳಗಿನದೊಂದನ್ನು ಕಳಚುತ್ತದೆ. ತಲೆಯ ಮೇಲೆ ಯಾವಾಗಲೂ ಮೂವತ್ತು ಮೂವತ್ತೈದು ಗರಿ. ಕಾಂಡವೇ ಮರದ ಲೆಕ್ಕದ ಪುಸ್ತಕ; ಬರಗಾಲದ ವರ್ಷಗಳಲ್ಲಿ ಉಂಗುರಗಳು ಒತ್ತೊತ್ತಾಗಿ, ಕಾಂಡ ಸಣ್ಣಗಾಗಿ ಸೊರಗಿರುವುದನ್ನು ತೋಟದವರು ಬೆರಳಿಟ್ಟು ತೋರಿಸುತ್ತಾರೆ.

ಹಸಿರಿನ ಕಾರಣ ಹುಡುಕಬೇಕೆಂದರೆ ಬೇಸಿಗೆಯಲ್ಲಿ ದೇವರಾಯನದುರ್ಗಕ್ಕೆ ಹೋಗಬೇಕು. ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಚೆಗಿನ ಈ ಬೆಟ್ಟಸಾಲು ಎಲೆ ಉದುರುವ ಒಣಕಾಡು. ಮಳೆಗಾಲದಲ್ಲಿ ಹೋದವರು ‘ಮಲೆನಾಡೇ ಸರಿ’ ಎಂದು ಫೋಟೊ ಹಾಕುತ್ತಾರೆ. ಫೆಬ್ರುವರಿ ಕೊನೆಗೆ ಅದೇ ಬೆಟ್ಟ ಬೂದುಬಣ್ಣಕ್ಕೆ ತಿರುಗಿರುತ್ತದೆ. ದಿಂಡಿಗ ಬೋಳು, ಕಕ್ಕೆ ಬೋಳು, ಮುತ್ತುಗ ಎಲೆ ಕಳಚಿ ಬರೀ ಹೂವಿನಲ್ಲಿ ನಿಂತಿರುತ್ತದೆ. ಆಗ ಬಂಡೆಯ ಮೇಲೆ ಕೂತು ಕಣಿವೆ ನೋಡಿದರೆ ಬೂದಿಯ ನಡುವೆ ಒಂದೊಂದು ಹಸಿರು ಗೆರೆ ಕೆಳಗಿಳಿಯುವುದು ಕಾಣುತ್ತದೆ. ಅದು ಹಳ್ಳದ ದಾರಿ. ನೇರಳೆ, ಹೊಂಗೆ, ಅತ್ತಿ, ಕಾಡುಮಾವು ಅಲ್ಲಿ ಸಾಲುಗಟ್ಟಿರುತ್ತವೆ. ಹಳ್ಳದಲ್ಲಿ ನೀರು ಹರಿಯದಿದ್ದರೂ ಮರಳಿನ ಕೆಳಗೆ ತೇವ ಇದೆ ಎಂದು ಮರಗಳು ಹೇಳುತ್ತವೆ. ಜಯಮಂಗಲಿ ಹುಟ್ಟುವುದು ಈ ಬೆಟ್ಟದಲ್ಲಿ. ನಾಮದ ಚಿಲುಮೆ ಒಸರುವುದೂ ಇದರ ತಪ್ಪಲಿನಲ್ಲೇ. ಮರವನ್ನೂ ಹುತ್ತವನ್ನೂ ನೋಡಿ ನೆಲದಡಿಯ ನೀರನ್ನು ಊಹಿಸುವ ವಿದ್ಯೆಗೆ ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ನೇರಳೆಗೆ ಅಲ್ಲಿ ಮೊದಲ ಸಾಲಿನ ಮರ್ಯಾದೆ.

ಹಳ್ಳ ಬಿಟ್ಟು ಬೋಳು ಬಂಡೆಯ ಇಳಿಜಾರಿನಲ್ಲೂ ಹಸಿರಾಗಿ ನಿಲ್ಲುವ ಒಂದು ಪೊದೆ ಇದೆ, ಬಂದರೆ ಗಿಡ. ಅದರ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಅಂಟಂಟು. ಎಳೆ ಎಲೆಯ ಮೇಲೆ ತೆಳ್ಳಗೆ ಬಳಿದುಕೊಂಡಿರುವ ಆ ರಾಳ ನೀರಾವಿ ಹೊರಹೋಗದಂತೆ ತಡೆಯುತ್ತದೆ, ಬಿಸಿಲಿಗೆ ಮಿರಮಿರ ಮಿಂಚುತ್ತದೆ. ದನ ಮೇಯುವುದಿಲ್ಲ. ಎಲೆ ಕಿರಿದು, ತೊಗಟೆ ಒರಟು, ಬೇರು ಬಂಡೆಯ ಬಿರುಕಿನಲ್ಲಿ. ಬೇಲಿಗೆ, ಗುಡಿಸಲ ಹೊದಿಕೆಗೆ, ಗದ್ದೆಗೆ ಸೊಪ್ಪಾಗಿ ಅದನ್ನು ಬಳಸಿದ ಜನ ಅದಕ್ಕೆ ನೀರೆರೆದದ್ದಿಲ್ಲ. ಇದ್ದಷ್ಟರಲ್ಲಿ ಬದುಕುವ ನಿತ್ಯಹಸಿರು ಇದು. ನರ್ಸರಿಯಲ್ಲಿ ಕೇಳಿದರೆ ನಕ್ಕಾರು.

ಊರಿನ ಮರಗಳಿಗೆ ಬಂದರೆ ಹೊಂಗೆ ಇನ್ನೊಂದು ದಾರಿ ಹಿಡಿದಿದೆ. ‘ನಿತ್ಯಹಸಿರು’ ಎಂದರೆ ಸಸ್ಯಶಾಸ್ತ್ರದವರು ಮುಖ ಸಿಂಡರಿಸುತ್ತಾರೆ, ‘ಎಲೆ ಉದುರುವ ಮರ’ ಎಂದರೆ ಹಳ್ಳಿಯವರು ಒಪ್ಪುವುದಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವ ಹೊತ್ತಿಗೆ ಹೊಂಗೆಯ ಎಲೆ ಹಳದಿಗಟ್ಟಿ ಉದುರುತ್ತದೆ. ಮರ ಬೋಳಾಯಿತು ಅನ್ನುವಷ್ಟರಲ್ಲಿ ಎಳೆಹಸಿರು ಚಿಗುರು ತುಂಬಿ, ಬಿಸಿಲು ನೆತ್ತಿಗೇರುವ ಏಪ್ರಿಲ್‌ನಲ್ಲಿ ಕೆಳಗೆ ದಟ್ಟ ನೆರಳು ಸಿದ್ಧ. ಬೇವೂ ಹಾಗೆಯೇ, ಯುಗಾದಿಗೆ ಬೇವಿನ ಹೂ ಸಿಗುವುದು ಈ ಬದಲಾವಣೆ ಅಷ್ಟರೊಳಗೆ ಮುಗಿದಿರುವುದರಿಂದ. ಅರಳಿ ಕೂಡ ಇದೇ ಗುಂಪು. ಮಳೆ ಇನ್ನೂ ಎರಡು ತಿಂಗಳು ದೂರವಿರುವಾಗ, ನೆಲ ಬಿರಿದಿರುವಾಗ ಇವು ಚಿಗುರುವುದಾದರೂ ಹೇಗೆ? ಬೇರು ಆಳಕ್ಕೆ ಇಳಿದಿದೆ. ಹಳೆ ಎಲೆ ಉದುರಿ ಆವಿಯಾಗುವ ನೀರು ಉಳಿದಾಗ ಕಾಂಡದಲ್ಲಿ ತೇವ ಮತ್ತೆ ತುಂಬಿಕೊಳ್ಳುತ್ತದೆ. ಆ ಉಳಿತಾಯದಲ್ಲೇ ಚಿಗುರು. ಮಳೆ ಬಂದು ಹುಳುಹುಪ್ಪಟೆ ಏಳುವ ಮೊದಲೇ ಎಲೆ ಬಲಿತಿರುತ್ತದೆ ಎಂಬುದು ಇನ್ನೊಂದು ಲಾಭ.

ಹೊಂಗೆಯನ್ನು ಬದುವಿನಲ್ಲಿ ಬಿಟ್ಟವರಿಗೆ ಕಾರಣ ಹತ್ತಿದ್ದವು. ಸೊಪ್ಪು ಗದ್ದೆಗೆ, ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ, ಒಣಪುರುಳೆ ಒಲೆಗೆ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ 1970ರ ದಶಕದಲ್ಲಿ ಕೇಂದ್ರ ತೆರೆದು, ಸುತ್ತಲ ಆರು ಹಳ್ಳಿಗಳಲ್ಲಿ ಮನೆಮನೆಯ ಇಂಧನದ ಲೆಕ್ಕ ಹಾಕಿತು. ಅಮೂಲ್ಯ ರೆಡ್ಡಿಯವರು ಕಟ್ಟಿದ ತಂಡ ಅದು. ಸೌದೆಯೇ ಹಳ್ಳಿಯ ಇಂಧನದ ಬಹುಪಾಲು, ಅದನ್ನು ಹೊರುವುದರಲ್ಲಿ ಹೆಂಗಸರು ಮಕ್ಕಳ ದಿನದ ಗಂಟೆಗಟ್ಟಲೆ ಹೊತ್ತು ಹೋಗುತ್ತದೆ ಎಂದು ಆ ಅಧ್ಯಯನ ತೋರಿಸಿತು. ಇನ್ನೊಂದು ಸಂಗತಿಯೂ ಹೊರಬಿತ್ತು: ಜನ ಒಲೆಗೆ ಹಾಕುತ್ತಿದ್ದುದು ಬಹುಮಟ್ಟಿಗೆ ಆಯ್ದುತಂದ ಪುಳ್ಳೆ. ಒಲೆಗಾಗಿ ಮರ ಉರುಳಿಸುವ ಪದ್ಧತಿ ಅಲ್ಲಿರಲಿಲ್ಲ. ಹಳ್ಳಿಯವರು ಸೌದೆಗಾಗಿ ಕಾಡು ಕಡಿಯುತ್ತಾರೆ ಎಂದು ನೀಲಗಿರಿ ತೋಪು ಎಬ್ಬಿಸಿದ ಕಾಲದಲ್ಲೇ ಉಂಗ್ರದ ಈ ಲೆಕ್ಕ ಕೈಯಲ್ಲಿತ್ತು.

ಹುಣಸೆಯ ಮಾತು ಸ್ವಲ್ಪ ಉದ್ದ. ಈ ಜಿಲ್ಲೆಗೆ ಹುಣಸೆ ಎಂದರೆ ಮರವೂ ಹೌದು, ವ್ಯಾಪಾರವೂ ಹೌದು. ತುಮಕೂರು ಎಪಿಎಂಸಿಗೆ ಫೆಬ್ರುವರಿಯಿಂದ ಹುಣಸೆಹಣ್ಣಿನ ಆವಕ ಶುರುವಾದರೆ ಬೇಸಿಗೆಯುದ್ದಕ್ಕೂ ಹುಳಿಯ ಘಮಲು. ಮರ ಹತ್ತಿ ಬಡಿಯುವವರು ಬೇರೆ, ಆಯುವವರು ಬೇರೆ, ಮನೆಯಂಗಳದಲ್ಲಿ ಕೂತು ಓಡು ಬಿಡಿಸಿ, ಕುಟ್ಟಿ ಬೀಜ ತೆಗೆದು, ನಾರು ಎಳೆಯುವ ಹೆಂಗಸರು ಬೇರೆ. ಹೊಲದಲ್ಲಿ ಕೆಲಸವಿಲ್ಲದ ತಿಂಗಳಲ್ಲಿ ಕೂಲಿ ಕೊಡುವ ಮರ ಇದು. ರಸ್ತೆ ಬದಿಯ ಸರ್ಕಾರಿ ಮರಗಳ ಫಸಲನ್ನು ಹರಾಜು ಹಾಕುವುದು ಇಂದಿಗೂ ಉಂಟು.

ಒಂದು ಹುಣಸೆ ಎಲೆ ಕಿತ್ತು ಅಂಗೈಯಲ್ಲಿಟ್ಟು ನೋಡಿ. ನಡುದಿಂಡಿನ ಎರಡೂ ಬದಿಗೆ ಹತ್ತು ಹದಿನೈದು ಜೋಡಿ ಪುಟಾಣಿ ಎಲೆಗಳು. ಅಗಲ ಎಲೆ ಬಿಸಿಲಿಗೆ ಕಾದರೆ ತಣಿಯಲು ನೀರು ಆವಿಯಾಗಿಸಲೇಬೇಕು. ಇಷ್ಟು ಸಣ್ಣ ಎಲೆ ಸುಳಿದಾಡುವ ಗಾಳಿಗೇ ತಣ್ಣಗಾಗುತ್ತದೆ. ಸಂಜೆಯಾದರೆ ಜೋಡಿಗಳು ಮಡಿಚಿಕೊಳ್ಳುತ್ತವೆ. ಕಡುಬರ ಬಂದರೆ ಮಾತ್ರ ಮರ ಒಂದಷ್ಟು ಎಲೆ ಬಿಟ್ಟುಕೊಡುತ್ತದೆ. ಹುಣಸೆ ಕೆಳಗೆ ರಾಗಿ ಏಳುವುದಿಲ್ಲ, ರಾತ್ರಿ ಮಲಗಬಾರದು ಎಂಬ ದೂರುಗಳೂ ಇವೆ. ಮೊದಲನೆಯದು ನಿಜ, ಎರಡನೆಯದರ ಬಗ್ಗೆ ದೆವ್ವಗಳನ್ನೇ ಕೇಳಬೇಕು. ಆಯಸ್ಸಿನ ವಿಷಯಕ್ಕೆ ಬಂದರೆ ನಮ್ಮ ನೆರೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು ನೂರಾರು ವರ್ಷದ ಮರಗಳನ್ನು ಇಟ್ಟುಕೊಂಡಿದೆ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹುಣಸೆಯ ಮೂಲ ಆಫ್ರಿಕಾ ಅನ್ನುವುದನ್ನು ಇಲ್ಲಿ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಪರದೇಶದ್ದು ಎಂಬ ಕಾರಣಕ್ಕೆ ಮರ ಕೆಟ್ಟದ್ದಾಗುವುದಿಲ್ಲ.

ಹಾಗಾದರೆ ಆಸ್ಟ್ರೇಲಿಯಾದ ನೀಲಗಿರಿ ಮೇಲೆ ಅಷ್ಟು ಕೋಪ ಯಾಕೆ? ಟಿಪ್ಪು ಕಾಲದಲ್ಲೇ ಅದು ನಂದಿಬೆಟ್ಟಕ್ಕೆ ಬಂದಿತ್ತು. ಇನ್ನೂರು ವರ್ಷ ಅಲ್ಲಲ್ಲಿ ಬೆಳೆದುಕೊಂಡೂ ಇತ್ತು. 1980ರ ದಶಕದಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪಾದಾಗ ಕಥೆ ಬದಲಾಯಿತು. ಕಾವಲು ಬೇಡ, ದನ ಮೂಸುವುದಿಲ್ಲ, ಆಳು ಬೇಡ, ನೆಟ್ಟು ಪಟ್ಟಣಕ್ಕೆ ಹೋದರೂ ಕಟಾವಿಗೆ ದುಡ್ಡು. ನೀರಿನ ಬಗ್ಗೆ ರೈತರು ಹೇಳುತ್ತಿದ್ದುದನ್ನು ಬಹಳ ದಿನ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕ್ಯಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದ ವಿಜ್ಞಾನಿಗಳ ಜೊತೆ ಶಿವಮೊಗ್ಗ ಸುತ್ತಮುತ್ತ ಮತ್ತು ಹೊಸಕೋಟೆಯಲ್ಲಿ ಅಳತೆಗೆ ಇಳಿದರು. ಹೊಸಕೋಟೆಯ ಆಳಮಣ್ಣಿನ ಹೊಲದಲ್ಲಿ ಮೂರು ವರ್ಷದಲ್ಲಿ ಬಿದ್ದ ಮಳೆ ಸುಮಾರು 2100 ಮಿ.ಮೀ.; ನೀಲಗಿರಿ ತೋಪು ಬಳಸಿದ ನೀರು ಸುಮಾರು 3400 ಮಿ.ಮೀ. ಮಿಕ್ಕದ್ದು ಎಲ್ಲಿಂದ ಬಂತು? ಬೇರು ವರ್ಷಕ್ಕೆ ಎರಡೂವರೆ ಮೀಟರಿನಂತೆ ಕೆಳಗಿಳಿದು, ಹಿಂದಿನ ಮಳೆಗಾಲಗಳು ಮಣ್ಣಿನಾಳದಲ್ಲಿ ಬಿಟ್ಟುಹೋದ ತೇವವನ್ನು ಹೀರಿತ್ತು. ಶಿವಮೊಗ್ಗದ ಅಷ್ಟು ಆಳವಿಲ್ಲದ ಮಣ್ಣಿನಲ್ಲಿ ಮಾತ್ರ ಅದು ಹಾಗೆ ಅತಿಯಾಗಿ ಕುಡಿದಿರಲಿಲ್ಲ ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿತು. ನ್ಯಾಯವಾಗಿ ಅದನ್ನೂ ಹೇಳಬೇಕು. ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, ತುಮಕೂರಿನ ರೈತರು ಸಸಿ ಕಿತ್ತ ಮೂವತ್ತನಾಲ್ಕು ವರ್ಷಕ್ಕೆ.

ನೀಲಗಿರಿಯ ಜೋಡಿಯಾಗಿ ಬಂದ ಅಕೇಶಿಯಾದ ಹಸಿರಂತೂ ಎಲೆಯದ್ದೇ ಅಲ್ಲ. ಸಸಿ ಮೊಳೆತಾಗ ಒಂದೆರಡು ನಿಜವಾದ ಎಲೆ ಬಿಡುತ್ತದೆ. ಆಮೇಲೆ ಕುಡುಗೋಲಿನಂತೆ ಬಾಗಿ ನಿಲ್ಲುವುದೆಲ್ಲ ಚಪ್ಪಟೆಯಾದ ತೊಟ್ಟು.

ನೆರೆಯವರ ನೀರು ಕುಡಿದು ಹಸಿರಾಗಿರುವುದರಲ್ಲಿ ನೀಲಗಿರಿಯನ್ನು ಮೀರಿಸುವ ಮರ ನಮ್ಮದೇ ಇದೆ, ಶ್ರೀಗಂಧ. ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರನ್ನೂ ಲವಣವನ್ನೂ ಎಳೆದುಕೊಳ್ಳುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಜೊತೆಗೆ ಹೊಂಗೆಯೋ ತೊಗರಿಯೋ ಇರಬೇಕು. ಮಾವಿನ ಕೊಂಬೆಯಲ್ಲಿ ದಪ್ಪ ಎಲೆ ಬಿಟ್ಟು ಕೂರುವ ಬದನಿಕೆಯದ್ದೂ ಇದೇ ಕಸುಬು. ರೈತರು ಬದನಿಕೆಯನ್ನು ಕಡಿದು ಹಾಕುತ್ತಾರೆ, ಶ್ರೀಗಂಧಕ್ಕೆ ಕ್ಯಾಮೆರಾ ಇಡುತ್ತಾರೆ. 2001ರ ಕಾನೂನು ತಿದ್ದುಪಡಿ ಸ್ವಂತ ಜಮೀನಿನ ಗಂಧದ ಮರಕ್ಕೆ ರೈತನನ್ನೇ ಒಡೆಯನನ್ನಾಗಿ ಮಾಡಿದ ಮೇಲೆ ನಮ್ಮ ಬಯಲುಸೀಮೆಯಲ್ಲಿ ಗಂಧದ ತೋಟಗಳು ಹೆಚ್ಚಿವೆ. ಕಳ್ಳರ ಭಯವೂ ಜೊತೆಗೇ ಬಂದಿದೆ.

ಗುಬ್ಬಿಯ ಬಯಲನ್ನು ಬೇಸಿಗೆಯಲ್ಲಿ ನಿಜವಾಗಿ ಹಸಿರಾಗಿಟ್ಟಿರುವುದು ಇವ್ಯಾವುವೂ ಅಲ್ಲ, ತೆಂಗು ಮತ್ತು ಅಡಿಕೆ. ಅಡಿಕೆಗೆ ಬೇಸಿಗೆ ಪೂರ್ತಿ ನೀರು ಬೇಕು. ತೆಂಗು ಒಂದು ಬರ ತಡೆದೀತು, ಎರಡು ಮೂರು ಸಾಲಾಗಿ ಬಂದರೆ ಸುಳಿ ಒಣಗಿಸಿ ಕೂರುತ್ತದೆ. ಕೆರೆ, ತಲಪರಿಗೆ, ತೆರೆದ ಬಾವಿಯ ಕಾಲ ಮುಗಿದು ಬೋರು ಸಾವಿರ ಅಡಿ ದಾಟಿದ ಮೇಲೆ ಉಳಿದ ಆಸರೆ ಗೊರೂರಿನಿಂದ ಬರುವ ಹೇಮಾವತಿ. ಕುಣಿಗಲ್ ಮತ್ತು ಮಾಗಡಿಗೆ ಆ ನೀರನ್ನು ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು, ಸ್ವಾಮೀಜಿಗಳು, ರಾಜಕಾರಣಿಗಳು ಬೀದಿಗಿಳಿದರು. ಕುಣಿಗಲ್ಲಿನವರು ಕೇಳುವುದೂ ಅನ್ಯಾಯವೇನಲ್ಲ. ನಾಲೆಯ ಕೊನೆಯಲ್ಲಿರುವವರಿಗೆ ತಮ್ಮ ಪಾಲು ಸರಿಯಾಗಿ ಮುಟ್ಟಿಲ್ಲ ಎಂಬ ಸಂಕಟ ಅವರದು. ಎರಡೂ ಕಡೆಯವರು ಕಾಯಲು ಹೊರಟಿರುವುದು ಬೆಳೆದು ನಿಂತ ಮರಗಳನ್ನು. ರಾಗಿಯಾದರೆ ಒಂದು ವರ್ಷ ಬಿತ್ತದೆ ಬಿಡಬಹುದು. ಇಪ್ಪತ್ತು ವರ್ಷದ ತೆಂಗಿಗೆ ಈ ಬೇಸಿಗೆ ರಜೆ ಎಂದು ಹೇಳಲು ಬರುವುದಿಲ್ಲ.

ನೀರಿನ ಲೆಕ್ಕವನ್ನು ಮೊದಲೇ ಸರಿಯಾಗಿ ಹಾಕಿದ್ದವರು ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕ. ಮದುವೆಯಾಗಿ ಸೇರಿದ್ದು ಕುಣಿಗಲ್ ಗಡಿಗೆ ಅಂಟಿದ ಮಾಗಡಿ ತಾಲ್ಲೂಕಿನ ಹುಲಿಕಲ್. ಹುಲಿಕಲ್–ಕುದೂರು ರಸ್ತೆಯಲ್ಲಿ ಅವರೂ ಗಂಡ ಚಿಕ್ಕಯ್ಯನೂ ಬೆಳೆಸಿದ 385 ಆಲದ ಮರಗಳ ಸುದ್ದಿ ಎಲ್ಲರಿಗೂ ಗೊತ್ತು. ಗಮನಿಸಬೇಕಾದದ್ದು ಅವರ ಕ್ರಮ. ಮೊದಲ ವರ್ಷ ಹತ್ತೇ ಸಸಿ. ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ನೆಡುವುದು ಮಳೆ ಹಿಡಿದ ಮೇಲೆ; ಬೇಸಿಗೆಯಲ್ಲಿ ಕಿಲೋಮೀಟರ್‌ಗಟ್ಟಲೆ ಕೊಡದಲ್ಲಿ ನೀರು ಹೊತ್ತು ಹಾಕುವುದು; ದನ ಮೇಯದಂತೆ ಮುಳ್ಳಿನ ಬೇಲಿ. ತಾವು ಎಷ್ಟು ಕೊಡ ಹೊರಬಲ್ಲೆವೋ ಅಷ್ಟೇ ಗಿಡ. ಒಂದೇ ದಿನ ಲಕ್ಷ ಸಸಿ ನೆಡುವ ಇಂದಿನ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆ ನೋಡಿದಾಗಲೆಲ್ಲ ಈ ಹತ್ತು, ಹದಿನೈದು, ಇಪ್ಪತ್ತು ನೆನಪಾಗುತ್ತದೆ. 2019ರಲ್ಲಿ ಪದ್ಮಶ್ರೀ ಬಂದ ವರ್ಷವೇ ರಸ್ತೆ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಭೀತಿ ಬಂತು. ತಿಮ್ಮಕ್ಕ ಸರ್ಕಾರದ ಬಾಗಿಲು ತಟ್ಟಿದರು, ಮರ ಉಳಿದವು. ಅವರು ತೀರಿಕೊಂಡದ್ದು 2025ರ ನವೆಂಬರ್ 14ರಂದು, 114ನೇ ವಯಸ್ಸಿನಲ್ಲಿ. ಅವರ ಹುಟ್ಟೂರ ಕಡೆ ತುಮಕೂರು–ಗುಬ್ಬಿ ಹೆದ್ದಾರಿ ನಾಲ್ಕು ಪಥವಾಗುವಾಗ ಸಾಲುಮರಗಳಿಗೆ ಆ ಅದೃಷ್ಟ ಇರಲಿಲ್ಲ.

ಇನ್ನು ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆಯ ಹಲಸಿಗೆ ಹಳೆಯ ಹೆಸರಿದೆ. ಇಲ್ಲಿಯ ಹಲಸಿನ ಮರಗಳಿಗೆ ಹನಿ ನೀರಾವರಿಯಿಲ್ಲ, ಗೊಬ್ಬರವಿಲ್ಲ. ತೋಟದ ಅಂಚಿನಲ್ಲಿ, ಹೊಲದ ಬದುವಿನಲ್ಲಿ ಮಳೆಯಲ್ಲೇ ನಿಂತವು. ಎಲೆ ದಪ್ಪ, ಮೇಲ್ಮೈ ನುಣುಪು, ತಾಯಿಬೇರು ಆಳ. ಒಂದು ಚಮತ್ಕಾರ: ಎಳೆ ಗಿಡದ ಎಲೆ ಸೀಳುಸೀಳಾಗಿರುತ್ತದೆ, ಮರ ಬಲಿತ ಮೇಲೆ ಬರುವ ಎಲೆ ಇಡಿಯಾಗಿ ಮೊಟ್ಟೆಯಾಕಾರ. ನರ್ಸರಿಯಲ್ಲಿ ಸೀಳೆಲೆ ನೋಡಿ ‘ಇದು ಹಲಸೇ ಅಲ್ಲ’ ಎಂದು ವಾಪಸು ಬರುವವರಿದ್ದಾರೆ.

ಈ ಚೇಳೂರಿನ ಪರಮೇಶ್ ಅವರ ತೋಟದಲ್ಲಿ ತಂದೆ ಸಿದ್ದಪ್ಪ ಬೆಳೆಸಿದ ಒಂದು ಮರ ಇತ್ತು. ಹಣ್ಣು ಚಿಕ್ಕದು, ಎರಡೂವರೆ ಕೆ.ಜಿ. ಆಸುಪಾಸು, ಒಳಗೆ ತಾಮ್ರಗೆಂಪು ತೊಳೆ. ನಗರದ ಸಣ್ಣ ಸಂಸಾರಕ್ಕೆ ಹೇಳಿ ಮಾಡಿಸಿದ ಗಾತ್ರ. ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅದನ್ನು ಪರೀಕ್ಷಿಸಿ, ಕೆಂಪು ಬಣ್ಣಕ್ಕೆ ಕಾರಣವಾದ ಲೈಕೋಪಿನ್ 100 ಗ್ರಾಂ ತೊಳೆಯಲ್ಲಿ 2 ಮಿಲಿಗ್ರಾಂ ಇದೆ, ಸಾಮಾನ್ಯ ಹಲಸಿನಲ್ಲಿ ಇರುವುದು 0.2 ಎಂದು ಕಂಡುಕೊಂಡರು. 2017ರಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತನೊಂದಿಗೆ ಒಪ್ಪಂದ ಮಾಡಿಕೊಂಡಿತು: ಕಸಿ ಸಸಿಗೆ 150 ರೂಪಾಯಿ, ಅದರಲ್ಲಿ ಶೇ 75 ಮರದ ಮನೆಯವರಿಗೆ. ತಳಿಗೆ ‘ಸಿದ್ದು’ ಎಂದು ಹೆಸರಾಯಿತು. ಆಮೇಲೆ ಅದೇ ತಾಲ್ಲೂಕಿನ ಚೌಡ್ಲಾಪುರದ ‘ಶಂಕರ’ ಕೂಡ ಪಟ್ಟಿಗೆ ಸೇರಿತು. ಒಂದೇ ಒಂದು ಬದುವಿನ ಮರ, ನೀರು ಕೇಳದೆ ನಿಂತದ್ದು, ತೋಟದ ಅಡಿಕೆಗಿಂತ ಹೆಚ್ಚು ಸುದ್ದಿ ಮಾಡಿದ ಪ್ರಸಂಗ ಈ ಭಾಗದಲ್ಲಿ ಇನ್ನೊಂದಿಲ್ಲ.

ಕಸಿ ಹಲಸು ನೆಡುವವರಿಗೆ ಎರಡು ಮಾತು. ನೀರು ನಿಲ್ಲುವ ತಗ್ಗಿನಲ್ಲಿ ನೆಟ್ಟರೆ ಬೇರು ಕೊಳೆತು ಸಾಯುತ್ತದೆ, ಆದ್ದರಿಂದ ಅಡಿಕೆಯ ಸಾಲಿನೊಳಗೆ ತುರುಕಬೇಡಿ, ಬದುವಿಗೇ ಬಿಡಿ. ಮುಂಗಾರು ಹದವಾದ ಮೇಲೆ ಗುಂಡಿಗೆ ಇಳಿಸಿ, ಮೊದಲ ಎರಡು ಬೇಸಿಗೆ ಕೊಡದಲ್ಲಿ ನೀರು ಕೊಟ್ಟರೆ ಸಾಕಾಗುತ್ತದೆ. ಬೇಲಿ ಮಾತ್ರ ಗಟ್ಟಿ ಇರಲಿ. ಹಲಸಿನ ಸೊಪ್ಪು ಕಂಡರೆ ಮೇಕೆ ಹಗ್ಗ ಕಿತ್ತುಕೊಂಡು ಬರುತ್ತದೆ.